ಕರಟದ ಇದ್ದಿಲು, ಮೊಟ್ಟೆಯ ಸಿಪ್ಪೆ: ಎಂಎಸ್ ಉಕ್ಕಿಗೆ ಗಟ್ಟಿ ಮೈ

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ನವುಲೆಯಲ್ಲಿ ಎರಡು ಕಾಲೇಜುಗಳು ಸಿಗುತ್ತವೆ. ಒಂದು, 1980ರಲ್ಲಿ ಶುರುವಾದ ಜವಾಹರಲಾಲ್ ನೆಹರು ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜು. ಊರಿನವರಿಗೆ ಅದು ಜೆಎನ್‌ಎನ್‌ಸಿಇ. ಇನ್ನೊಂದು ಕೃಷಿ ಕಾಲೇಜು. ಅಲ್ಲಿ ಲೇತು, ಫರ್ನೇಸು, ಲೋಹದ ಪಾಠ. ಇಲ್ಲಿ ಅಡಿಕೆ, ತೆಂಗು, ಭತ್ತದ ಪಾಠ. ತೋಟದ ಮತ್ತು ಅಡುಗೆಮನೆಯ ಕಸ ಬಳಸಿ ಎಂಎಸ್ (ಮೈಲ್ಡ್ ಸ್ಟೀಲ್) ಉಕ್ಕಿನ ಮೈ ಗಟ್ಟಿ ಮಾಡುವ ಕೆಲಸಕ್ಕೆ ಈ ಎರಡೂ ಕಡೆಯ ತಿಳಿವಳಿಕೆ ಬೇಕು. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ವಿಷಯವಿದು. ಆದರೆ ಪ್ರಾಜೆಕ್ಟ್ ವರದಿ ಬೈಂಡ್ ಆಗಿ ಕಪಾಟು ಸೇರಿಬಿಟ್ಟರೆ ರೈತನಿಗಾಗಲಿ, ವೆಲ್ಡಿಂಗ್ ಅಂಗಡಿಯವನಿಗಾಗಲಿ ಏನೂ ಸಿಗುವುದಿಲ್ಲ. ಅವರಿಗಾಗಿಯೇ ಈ ಬರಹ.

ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಪವರ್ ಟಿಲ್ಲರ್ ಆಗಲಿ, ಟ್ರೇಲರ್ ಆಗಲಿ, ಅಡಿಕೆ ಸುಲಿಯುವ ಯಂತ್ರವಾಗಲಿ, ಅದರಲ್ಲೊಂದು ಪಿನ್ನೋ ಬುಷ್ಷೋ ಸವೆಯುತ್ತದೆ. ಹತ್ತಿರದ ಲೇತಿನಲ್ಲಿ ಎಂಎಸ್ ರಾಡಿನಿಂದ ಹೊಸದು ತಿರುಗಿಸಿ ಹಾಕಿಸುತ್ತೇವೆ. ಅಳತೆ ಸರಿಯಾಗಿಯೇ ಇರುತ್ತದೆ, ಆದರೂ ಬೇಗ ಸವೆದು ಗಡಗಡ ಎನ್ನುತ್ತದೆ. ಕಂಪನಿಯಿಂದ ಬಂದ ಪಿನ್ನಿನ ಮೈ ಗಟ್ಟಿ ಮಾಡಿರುತ್ತಾರೆ, ಲೇತಿನಲ್ಲಿ ತಿರುಗಿಸಿದ್ದಕ್ಕೆ ಆ ಗಟ್ಟಿ ಮೈ ಇರುವುದಿಲ್ಲ. ವ್ಯತ್ಯಾಸ ಇಷ್ಟೇ.

ಎಂಎಸ್ ಯಾಕೆ ಹದ ಹಿಡಿಯುವುದಿಲ್ಲ

ಎಂಎಸ್ ರಾಡನ್ನು ಎಷ್ಟು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಹದ ಹಿಡಿಯುವುದಿಲ್ಲ ಎಂದು ಕಮ್ಮಾರರು ಹೇಳುತ್ತಾರೆ. ಮಾತು ಸರಿ. ಉಕ್ಕು ಗಟ್ಟಿಯಾಗಬೇಕಾದರೆ ಅದರಲ್ಲಿ ಇಂಗಾಲ ಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಂಎಸ್‌ನಲ್ಲಿ ಇಂಗಾಲ ಶೇ 0.15ರಿಂದ 0.25ರವರೆಗೆ ಮಾತ್ರ. ಚೆನ್ನಾಗಿ ಗಡಸಾಗಲು ಶೇ 0.8ರ ಆಸುಪಾಸು ಬೇಕು. ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಶೇ 0.6ರಷ್ಟು ಇರುವುದರಿಂದಲೇ ಮಲೆನಾಡಿನ ಕುಲುಮೆಗಳಲ್ಲಿ ಕತ್ತಿಗೆ ಆ ಪಟ್ಟಿಯನ್ನೇ ಆರಿಸಿಕೊಳ್ಳುತ್ತಾರೆ.

ಹಾಗಾದರೆ ಪಿನ್ನನ್ನೂ ಸ್ಪ್ರಿಂಗ್ ಪಟ್ಟಿಯಂಥ ಉಕ್ಕಿನಲ್ಲೇ ಮಾಡಬಹುದಲ್ಲ? ಮಾಡಬಹುದು, ಆದರೆ ಇಡೀ ಪಿನ್ನು ಗಡಸಾದರೆ ಏಟು ಬಿದ್ದಾಗ ಪಟಕ್ಕನೆ ಮುರಿಯುವ ಭಯ. ಉಜ್ಜುವ ಮೈ ಗಟ್ಟಿಯಿರಬೇಕು, ಏಟು ತಾಳುವ ಒಳಭಾಗ ಮೆತ್ತಗಿರಬೇಕು. ಎಂಎಸ್‌ನ ಮೈಗೆ ಮಾತ್ರ, ಒಂದು ಮಿಲಿಮೀಟರ್ ಆಳದವರೆಗೆ, ಇಂಗಾಲ ತುಂಬಿ ಆಮೇಲೆ ಅದ್ದಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ವರ್ಕ್‌ಶಾಪ್ ಭಾಷೆಯಲ್ಲಿ ಇದು ಕೇಸ್ ಹಾರ್ಡನಿಂಗ್. ಇದ್ದಿಲಿನ ಪೆಟ್ಟಿಗೆಯಲ್ಲಿಟ್ಟು ಮಾಡುವ ಬಗೆಗೆ ಪ್ಯಾಕ್ ಕಾರ್ಬುರೈಸಿಂಗ್ ಎನ್ನುತ್ತಾರೆ.

ಇದ್ದಿಲಿನ ಜೊತೆ ಉಕ್ಕು ಕಾಯಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿ ಎಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಆ ಗಿಡದ ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತಿತ್ತು. ನಂತರ ಬಂದದ್ದು ಭದ್ರಾವತಿ. 1918ರಲ್ಲಿ ಮೈಸೂರು ಸರ್ಕಾರ ಕೈಗೆತ್ತಿಕೊಂಡ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಬ್ಬಿಣದ ಜೊತೆ ‘ವುಡ್ ಡಿಸ್ಟಿಲೇಷನ್’ ಕೂಡ ಇತ್ತು. ಮಲೆನಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟು ಇದ್ದಿಲು ತೆಗೆಯುವುದು, ಅದರ ಹೊಗೆಯಿಂದ ಮಿಥೈಲ್ ಆಲ್ಕೋಹಾಲ್, ಟಾರುಗಳನ್ನು ಹಿಡಿಯುವುದು, ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದು: ಇದು ಅಲ್ಲಿನ ಕ್ರಮ. 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು, ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಕಟ್ಟಿಗೆ ಇದ್ದಿಲಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದ್ದಿಲಿನ ಕಬ್ಬಿಣಕ್ಕೆ ಬೆಲೆಯಿದ್ದುದು ಅದಕ್ಕೇ. ನಮ್ಮ ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಗಂಧಕ ಉಕ್ಕಿನ ಮೈ ಕೆಡಿಸುತ್ತದೆ. ಆದ್ದರಿಂದ ಕಲ್ಲಿದ್ದಲು, ಟೈರಿನ ಮಸಿ ಇತ್ಯಾದಿ ಬೇಡ.

ಪೆಟ್ಟಿಗೆಯೊಳಗೆ ನಡೆಯುವುದೇನು

ಇದ್ದಿಲು ಉಕ್ಕಿಗೆ ಒತ್ತಿಕೊಂಡಿದ್ದರೆ ಇಂಗಾಲ ತಾನಾಗಿ ಒಳಗೆ ಹೋಗುತ್ತದೆ ಎಂದು ತಿಳಿದವರು ಬಹಳ. ನಿಜವಾದ ಕೆಲಸ ಮಾಡುವುದು ಕಾರ್ಬನ್ ಮಾನಾಕ್ಸೈಡ್ ಅನಿಲ. ಪೆಟ್ಟಿಗೆಯಲ್ಲಿ ಉಳಿದ ಗಾಳಿ ಇದ್ದಿಲಿನ ಜೊತೆ ಸೇರಿ ಈ ಅನಿಲವಾಗುತ್ತದೆ. ಅದು ಕಾದ ಉಕ್ಕಿನ ಮೈ ತಾಗಿದಾಗ ಇಂಗಾಲವನ್ನು ಅಲ್ಲಿ ಬಿಟ್ಟು ತಾನು ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ. ಹಾಗೆ ಆದದ್ದು ಮತ್ತೆ ಇದ್ದಿಲಿಗೆ ತಾಗಿ ಪುನಃ ಮಾನಾಕ್ಸೈಡ್ ಆಗುತ್ತದೆ. ಹೀಗೆ ಒಂದೇ ಅನಿಲ ಗಂಟೆಗಟ್ಟಲೆ ಇದ್ದಿಲಿನಿಂದ ಉಕ್ಕಿಗೆ ಇಂಗಾಲ ಹೊರುತ್ತಲೇ ಇರುತ್ತದೆ. ಮೈಮೇಲೆ ಬಂದ ಇಂಗಾಲ ನೆಲದಲ್ಲಿ ನೀರು ಇಂಗುವ ಹಾಗೆ ನಿಧಾನವಾಗಿ ಒಳಗೆ ಇಳಿಯುತ್ತದೆ.

ಎರಡು ವಿಷಯ ಇದರಿಂದ ತಿಳಿಯುತ್ತವೆ. ಮೊದಲನೆಯದು ಶಾಖ. ತಣ್ಣಗಿರುವಾಗ ಕಬ್ಬಿಣದೊಳಗೆ ಇಂಗಾಲಕ್ಕೆ ಜಾಗವೇ ಇರುವುದಿಲ್ಲ, ಶೇ 0.02ರಷ್ಟೂ ಕರಗುವುದಿಲ್ಲ. 850 ಡಿಗ್ರಿ ದಾಟಿದ ಮೇಲೆ ಎಂಎಸ್‌ನ ಪರಮಾಣುಗಳ ಜೋಡಣೆ ಪೂರ್ತಿ ಬದಲಾಗಿ ಶೇ 1ಕ್ಕಿಂತ ಹೆಚ್ಚು ಇಂಗಾಲ ಹಿಡಿಸುತ್ತದೆ. ಕೆಲಸದ ಶಾಖ 900ರಿಂದ 925 ಡಿಗ್ರಿ. 950 ದಾಟಿಸಿದರೆ ಉಕ್ಕಿನ ಕಣ ದಪ್ಪಗಾಗಿ ತುಂಡು ಪೆಡಸಾಗುತ್ತದೆ.

ಎರಡನೆಯದು, ಅನಿಲಕ್ಕೆ ಒಂದು ಕುಮ್ಮಕ್ಕು ಬೇಕು. ಕೈಗಾರಿಕೆಯಲ್ಲಿ ಇದ್ದಿಲಿಗೆ ಬೇರಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಅದು ಹಿಂದೆ ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದ ವಸ್ತು. ಸಣ್ಣ ವರ್ಕ್‌ಶಾಪಿನಲ್ಲಿ, ಊಟದ ಡಬ್ಬಿಯೂ ಅಲ್ಲೇ ಇರುವ ಕಡೆ, ಅದು ಬೇಡವೇ ಬೇಡ. ಮೊಟ್ಟೆಯ ಸಿಪ್ಪೆ ಉಪಯೋಗಕ್ಕೆ ಬರುವುದು ಇಲ್ಲಿ. ಸಿಪ್ಪೆಯ ಶೇ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಕುಲುಮೆಯ ಶಾಖಕ್ಕೆ ಅದು ಒಡೆದು ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ, ಅದು ಇದ್ದಿಲಿಗೆ ತಾಗಿ ಮಾನಾಕ್ಸೈಡ್ ಆಗುತ್ತದೆ. ಬೇಕರಿ, ಹೋಟೆಲು, ಬಿಸಿಯೂಟದ ಶಾಲೆ, ಎಲ್ಲಿ ಕೇಳಿದರೂ ಪುಕ್ಕಟೆ ಸಿಗುತ್ತದೆ. ಕರಾವಳಿಯವರಿಗೆ ಕಪ್ಪೆಚಿಪ್ಪು ಇದೆ, ಅದರಲ್ಲಿರುವುದೂ ಇದೇ ವಸ್ತು. ಎಲೆ ಅಡಿಕೆಗೆ ಹಾಕುವ ಸುಣ್ಣ ಮಾತ್ರ ಆಗದು. ಅದು ಒಮ್ಮೆ ಸುಟ್ಟು ಅನಿಲ ಕಳೆದುಕೊಂಡ ವಸ್ತು.

ಯಾವ ಕಸ ಒಳ್ಳೆಯದು

ಕಸ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನನ್ನ ಮತ ಸ್ಪಷ್ಟ: ತೆಂಗಿನ ಕರಟ ಎಲ್ಲಕ್ಕಿಂತ ಮೇಲು. ಅದರ ಇದ್ದಿಲು ಗಟ್ಟಿ, ಬೂದಿ ಕಡಿಮೆ, ಪೆಟ್ಟಿಗೆಯಲ್ಲಿ ಬೇಗ ಕುಸಿಯುವುದಿಲ್ಲ. ಹುಣಸೆ, ಬಳ್ಳಾರಿ ಜಾಲಿಯಂಥ ಗಟ್ಟಿ ಮರದ ಇದ್ದಿಲು ಅದರ ನಂತರ.

ಅಡಿಕೆ ಸಿಪ್ಪೆ ನಮ್ಮ ಜಿಲ್ಲೆಯಲ್ಲಿ ರಾಶಿ ರಾಶಿ ಬೀಳುತ್ತದೆ, ಸುಲಿತದ ಕಾಲದಲ್ಲಿ ರಸ್ತೆ ಬದಿಯಲ್ಲೇ ಹೊಗೆಯಾಡುತ್ತಿರುತ್ತದೆ. ಅದನ್ನು ಬಳಸಬೇಕೆಂಬ ಆಸೆ ಸಹಜ. ಆದರೆ ನಾರಿನ ಸಿಪ್ಪೆಯಿಂದ ಆಗುವ ಇದ್ದಿಲು ಹಗುರ, ಒಂದೇ ಪೆಟ್ಟಿಗೆಯಲ್ಲಿ ಕಡಿಮೆ ಇಂಗಾಲ ಹಿಡಿಸುತ್ತದೆ, ಬೇಗ ಉರಿದು ಪೆಟ್ಟಿಗೆಯೊಳಗೆ ಟೊಳ್ಳು ಬಿಡುತ್ತದೆ. ಕರಟದ ಇದ್ದಿಲಿನ ಜೊತೆ ಒಂದು ಪಾಲು ಬೆರೆಸಿ ನೋಡಲಿಕ್ಕೆ ಅಡ್ಡಿಯಿಲ್ಲ, ಅದರ ಮೇಲೇ ಭಾರ ಹಾಕಬೇಡಿ. ಭತ್ತದ ಹೊಟ್ಟನ್ನು ಬಿಟ್ಟೇಬಿಡಿ. ಸುಟ್ಟರೆ ಐದರಲ್ಲೊಂದು ಪಾಲು ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಅದು ಉಕ್ಕಿಗೆ ಏನನ್ನೂ ಕೊಡುವುದಿಲ್ಲ. ಫರ್ನೇಸಿನ ಹೊರಗೆ ಶಾಖ ತಡೆಯುವ ಹೊದಿಕೆಯಾಗಿ ಮಾತ್ರ ಚೆನ್ನ.

ಮೂಳೆಯ ಇದ್ದಿಲನ್ನು ಯುರೋಪಿನ ಬಂದೂಕು ಕಸುಬಿನವರು ಹಿಂದಿನಿಂದ ಬಳಸುತ್ತಾ ಬಂದಿದ್ದಾರೆ. ಅದರಲ್ಲಿ ಇಂಗಾಲ ಶೇ 10ರಷ್ಟು ಮಾತ್ರ, ಉಳಿದದ್ದರಲ್ಲಿ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ತೆಳು ಗಟ್ಟಿ ಮೈ ಸಾಕಾದ ಕಡೆ ಅದು ಸರಿ, ಟಿಲ್ಲರ್ ಪಿನ್ನಿಗೆ ಸಾಲದು. ನೈಜೀರಿಯಾದ ಸಂಶೋಧಕರು ಮರಗೆಣಸಿನ ಎಲೆಯ ಪುಡಿಯನ್ನೂ ಪ್ರಯೋಗ ಮಾಡಿದ್ದಾರೆ. ಅದರಲ್ಲಿರುವ ಸೈನೈಡ್ ಅಂಶದಿಂದ ಇಂಗಾಲದ ಜೊತೆ ಸಾರಜನಕವೂ ಉಕ್ಕಿಗೆ ಸೇರುತ್ತದೆ. ಪ್ರಯೋಗಾಲಯದಲ್ಲಿ, ಹೊಗೆ ಹೀರುವ ವ್ಯವಸ್ಥೆಯ ಕೆಳಗೆ ಅದು ಒಳ್ಳೆಯ ಸಂಶೋಧನೆ. ಮನೆಯ ಹಿತ್ತಲಲ್ಲಿ ಮಾಡತಕ್ಕದ್ದಲ್ಲ.

ಮಾಡುವ ಕ್ರಮ

ಮೊದಲು ತುಂಡು ಎಂಎಸ್ ಹೌದೇ ನೋಡಿಕೊಳ್ಳಿ. ಗ್ರೈಂಡರಿಗೆ ಹಿಡಿದಾಗ ಉದ್ದ ನೇರ ಕಿಡಿಗಳು, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು ಬಂದರೆ ಇಂಗಾಲ ಕಡಿಮೆ. ಕಿಡಿ ಗಿಡ್ಡವಾಗಿ ಪೊದೆಪೊದೆಯಾಗಿ ಸಿಡಿದರೆ ಅದು ಈಗಾಗಲೇ ಇಂಗಾಲ ಹೆಚ್ಚಿರುವ ಉಕ್ಕು, ಅದಕ್ಕೆ ಈ ಕೆಲಸ ಬೇಡ. ತುಕ್ಕು, ಎಣ್ಣೆ, ಬಣ್ಣ ಪೂರ್ತಿ ತೆಗೆಯಿರಿ. ಸತುವಿನ ಲೇಪವಿರುವ ಜಿಐ ಪೈಪು, ಬೋಲ್ಟುಗಳನ್ನು ಬೆಂಕಿಗೆ ಹಾಕಲೇಬೇಡಿ, ಆ ಹೊಗೆ ವಿಷ. ಲೇತಿನ ಕೆಲಸವೆಲ್ಲ ಮುಗಿದಿರಲಿ, ಕೊನೆಗೆ ಗ್ರೈಂಡ್ ಮಾಡಲು 0.1ರಿಂದ 0.2 ಮಿ.ಮೀ. ಬಿಟ್ಟರೆ ಸಾಕು. ಮರೆ, ಅಂದರೆ ಥ್ರೆಡ್, ಇರುವ ಭಾಗಕ್ಕೆ ಫೈರ್ ಕ್ಲೇ ದಪ್ಪಗೆ ಮೆತ್ತಿ ಒಣಗಿಸಿ. ಥ್ರೆಡ್ ಗಡಸಾದರೆ ಎಳೆ ಎಳೆಯಾಗಿ ಒಡೆಯುತ್ತದೆ.

ಕರಟವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟು, ಹೊಗೆ ಪೂರ್ತಿ ನಿಂತ ಮೇಲೆ ಮುಚ್ಚಿ ಆರಿಸಿ. ಜೋಳದ ಕಾಳಿನಿಂದ ಅವರೆಕಾಳಿನವರೆಗಿನ ಗಾತ್ರಕ್ಕೆ ಕುಟ್ಟಿ, ಜರಡಿ ಹಿಡಿದು ಪುಡಿ ತೆಗೆಯಿರಿ. ನುಣ್ಣನೆ ಪುಡಿಯಲ್ಲಿ ಅನಿಲ ಓಡಾಡುವುದಿಲ್ಲ. ಮೊಟ್ಟೆ ಸಿಪ್ಪೆಯನ್ನು ತೊಳೆದು, ಒಳಗಿನ ಪೊರೆ ಬಿಡಿಸಿ, ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿ. ತೂಕದಲ್ಲಿ ಇದ್ದಿಲು ಎಂಟು ಅಥವಾ ಒಂಬತ್ತು ಪಾಲಿಗೆ ಸಿಪ್ಪೆ ಪುಡಿ ಒಂದರಿಂದ ಎರಡು ಪಾಲು. ಎರಡೂ ಬಾಣಲೆಯಲ್ಲಿ ಹುರಿದಂತೆ ಒಣಗಿರಬೇಕು. ತೇವವಿದ್ದರೆ ಉಕ್ಕಿನ ಮೈ ತುಕ್ಕು ಹಿಡಿದಂತೆ ಕೆಡುತ್ತದೆ.

ಪೆಟ್ಟಿಗೆಗೆ 5-6 ಮಿ.ಮೀ. ದಪ್ಪದ ತಗಡು ಸಾಕು. ತಳಕ್ಕೆ ಒಂದು ಅಂಗುಲ ಮಿಶ್ರಣ, ಅದರ ಮೇಲೆ ತುಂಡುಗಳು, ಒಂದಕ್ಕೊಂದು ತಾಗದಂತೆ ನಡುವೆ ಒಂದು ಅಂಗುಲ ಅಂತರ, ಮೇಲೆ ಎರಡು ಅಂಗುಲ ಮಿಶ್ರಣ. ತಟ್ಟಿ ತಟ್ಟಿ ತುಂಬಿ. ಮುಚ್ಚಳದ ಸುತ್ತ ಫೈರ್ ಕ್ಲೇ ಮೆತ್ತಿ ನೆರಳಲ್ಲಿ ಒಣಗಿಸಿ. ಯಾವ ಕಾರಣಕ್ಕೂ ಮುಚ್ಚಳವನ್ನು ವೆಲ್ಡ್ ಮಾಡಬೇಡಿ. ಒಳಗೆ ಹುಟ್ಟುವ ಅನಿಲ ಮಣ್ಣಿನ ಸಂದಿಯಲ್ಲಿ ಹೊರಬರಬೇಕು, ಇಲ್ಲವಾದರೆ ಪೆಟ್ಟಿಗೆ ಸಿಡಿಯುತ್ತದೆ. ಮುಚ್ಚಳದ ಒಂದು ತೂತಿನ ಮೂಲಕ ಪೆನ್ಸಿಲ್ ದಪ್ಪದ ಎಂಎಸ್ ಕಡ್ಡಿಯೊಂದನ್ನು ಒಳಗೆ ಇಳಿಸಿ ಮಣ್ಣು ಮೆತ್ತಿ. ಅದು ಸಾಕ್ಷಿಯ ಕಡ್ಡಿ. ನಡುವೆ ಅದನ್ನು ಎಳೆದು, ನೀರಿಗೆ ಅದ್ದಿ ಮುರಿದು ನೋಡಿದರೆ ಅಂಚಿನಲ್ಲಿ ನುಣುಪಾದ ಬೂದು ಬಣ್ಣದ ಉಂಗುರ, ನಡುವೆ ಒರಟು ನಾರಿನಂಥ ಭಾಗ ಕಾಣುತ್ತದೆ. ಉಂಗುರದ ಅಗಲವೇ ಗಟ್ಟಿ ಮೈಯ ಆಳ.

ಶಾಖ ಅಳೆಯದೆ ಈ ಕೆಲಸಕ್ಕೆ ಇಳಿಯಬೇಡಿ ಎಂದು ಒತ್ತಿ ಹೇಳುತ್ತೇನೆ. ಸೋತ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿಯೇ. ಅಯಸ್ಕಾಂತ ಹಿಡಿಯುವುದನ್ನು ನಿಲ್ಲಿಸಿತು ಎಂದರೆ 770 ಡಿಗ್ರಿ ಆಯಿತೆಂದಷ್ಟೇ ಅರ್ಥ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಗೆ, ಅದೂ ಸಾಲದು. ಕೆ ಟೈಪ್ ಥರ್ಮೊಕಪಲ್ ಒಂದು ಇಂಡಿಕೇಟರ್ ಜೊತೆ ಈಗ ದುಬಾರಿಯೇನಲ್ಲ. ಅದೂ ಆಗದಿದ್ದರೆ ಪೆಟ್ಟಿಗೆ ತುಂಬಿ ಮಫಲ್ ಫರ್ನೇಸು ಇರುವ ಕಡೆ ಒಯ್ಯಿರಿ. ಶಿವಮೊಗ್ಗ, ಭದ್ರಾವತಿಗಳಲ್ಲಿ ಲೋಹದ ಕೆಲಸ ಬಲ್ಲವರಿಗೆ ಬರವಿಲ್ಲ.

ಎಷ್ಟು ಹೊತ್ತು? ಪೆಟ್ಟಿಗೆಯ ನಡುಭಾಗ 925 ಡಿಗ್ರಿ ಮುಟ್ಟಿದ ಮೇಲೆ ಲೆಕ್ಕ ಹಿಡಿದರೆ ಒಂದು ಗಂಟೆಗೆ ಸುಮಾರು 0.6 ಮಿ.ಮೀ., ನಾಲ್ಕು ಗಂಟೆಗೆ 1.2, ಒಂಬತ್ತು ಗಂಟೆಗೆ 1.8 ಮಿ.ಮೀ. ಆಳ. ಆಳ ಇಮ್ಮಡಿಯಾಗಲು ಹೊತ್ತು ನಾಲ್ಕು ಪಟ್ಟು ಬೇಕು. 900 ಡಿಗ್ರಿಯಲ್ಲಿ ಇದಕ್ಕಿಂತ ಕಡಿಮೆ, ನಾಲ್ಕು ಗಂಟೆಗೆ 1 ಮಿ.ಮೀ. ಸುಮಾರು. ಪಿನ್ನು, ಬುಷ್ಷಿಗೆ ಒಂದು ಮಿಲಿಮೀಟರ್ ಧಾರಾಳ ಸಾಕು, ಅದರ ಮೇಲೆ ಸುಡುವುದು ಇಂಧನ ದಂಡ.

ಮುಗಿದ ಮೇಲೆ ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಆರಲು ಬಿಡಿ. ಬಿಸಿಯಲ್ಲಿ ತೆರೆದರೆ ಇದ್ದಿಲು ಧಗ್ಗೆಂದು ಹತ್ತಿಕೊಳ್ಳುತ್ತದೆ. ಈ ಹಂತದಲ್ಲಿ ತುಂಡು ಇನ್ನೂ ಗಡಸಾಗಿಲ್ಲ, ಇಂಗಾಲ ಮಾತ್ರ ಸೇರಿದೆ. ಅದನ್ನು ಮತ್ತೆ 780ರಿಂದ 800 ಡಿಗ್ರಿಗೆ ಕಾಯಿಸಿ, ಹದಿನೈದು ನಿಮಿಷ ಹಿಡಿದು, ಉಪ್ಪು ನೀರಿಗೆ ನೇರವಾಗಿ ಇಳಿಸಿ ಅಲ್ಲಾಡಿಸಿ. ಹತ್ತು ಲೀಟರಿಗೆ ಒಂದು ಕಿಲೋ ಉಪ್ಪು. ಪಿನ್ನನ್ನು ಉದ್ದುದ್ದಕ್ಕೆ ಇಳಿಸಬೇಕು, ಅಡ್ಡ ಬಿಟ್ಟರೆ ಬಾಗುತ್ತದೆ. ಎಣ್ಣೆಗೆ ಅದ್ದಿದರೆ ಬಿರುಕಿನ ಭಯ ಕಡಿಮೆ, ಆದರೆ ಎಂಎಸ್‌ನ ಮೈ ಎಣ್ಣೆಯಲ್ಲಿ ಪೂರ್ತಿ ಗಡಸಾಗುವುದು ಸಣ್ಣ ತುಂಡುಗಳಲ್ಲಿ ಮಾತ್ರ. ಕೊನೆಗೆ ಅದೇ ದಿನ 150ರಿಂದ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ತಣಿಸಿ. ಇದನ್ನು ಬಿಟ್ಟರೆ ಗಡಸು ಮೈ ಗಾಜಿನಂತೆ ಚಕ್ಕೆ ಏಳುತ್ತದೆ. ಉಳಿದ ಇದ್ದಿಲನ್ನು ಜರಡಿ ಹಿಡಿದು ಸುಣ್ಣವಾದ ಪುಡಿಯನ್ನು ತೆಗೆದು, ಹೊಸ ಇದ್ದಿಲು, ಹೊಸ ಸಿಪ್ಪೆ ಪುಡಿ ಸೇರಿಸಿ ಮತ್ತೆ ಬಳಸಬಹುದು.

ಆಯಿತೋ ಇಲ್ಲವೋ

ಹೊಸ ಅರವೊಂದನ್ನು ತೆಗೆದುಕೊಂಡು ತುಂಡಿನ ಮೇಲೆ ಉಜ್ಜಿ. ಕಚ್ಚದೆ ಜಾರಿದರೆ ಮೈ ಗಡಸಾಗಿದೆ. ಅಂಕಿ ಬೇಕಾದವರು ಲ್ಯಾಬಿಗೆ ಹೋಗಬೇಕು. ಚೆನ್ನಾಗಿ ಆದ ಮೈ ರಾಕ್‌ವೆಲ್ ಸಿ ಮಾಪನದಲ್ಲಿ 58ರಿಂದ 62 ತೋರಿಸುತ್ತದೆ. ಗಟ್ಟಿ ಮೈ ತೀರ ತೆಳುವಾಗಿದ್ದರೆ ಸಿ ಮಾಪನದ ಭಾರಕ್ಕೆ ಸೂಜಿ ಒಳಗಿನ ಮೆತ್ತನೆ ಉಕ್ಕಿಗೇ ಇಳಿದು ಸುಳ್ಳು ಅಂಕಿ ಬರುತ್ತದೆ. ಆಗ ವಿಕರ್ಸ್ ಮಾಪನವೇ ಸರಿ.

ಎಲ್ಲ ಕಡೆ ಮೆತ್ತಗೇ ಉಳಿದಿದ್ದರೆ ಶಾಖ ಸಾಲದೆ ಹೋಗಿದೆ ಅಥವಾ ಮುಚ್ಚಳ ಸೋರಿದೆ. ಅಲ್ಲಲ್ಲಿ ಮಾತ್ರ ಮೆತ್ತಗಿದ್ದರೆ ತುಂಡುಗಳು ಒಂದಕ್ಕೊಂದು ತಾಗಿದ್ದವು, ಇಲ್ಲವೇ ಎಣ್ಣೆ ಉಳಿದಿತ್ತು. ಬಿರುಕು ಬಿಟ್ಟಿದ್ದರೆ ಅತಿ ಬಿಸಿಯಲ್ಲಿ ಅದ್ದಿದ್ದೀರಿ, ಅಥವಾ ಚೂಪಾದ ಮೂಲೆಗಳನ್ನು ದುಂಡಗೆ ಮಾಡದೆ ಬಿಟ್ಟಿದ್ದೀರಿ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣ ತೆಗೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಮಾಡಲೇಬಾರದು. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಕೂರುವ ನಮ್ಮ ಕಡೆಯವರು ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗ್ಲೌಸು, ಮೈಗೆ ಹತ್ತಿ ಬಟ್ಟೆ ಇರಲಿ.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಕತ್ತಿ, ಮಚ್ಚು, ಕುಡುಗೋಲಿಗೆ ಈ ವಿಧಾನ ಸಲ್ಲದು. ಮಸೆದು ಮಸೆದು ಬಳಸುವ ವಸ್ತುವಿನಲ್ಲಿ ಗಟ್ಟಿ ಮೈ ಕೆಲವೇ ಮಸೆತಕ್ಕೆ ಹೋಗಿಬಿಡುತ್ತದೆ, ಅಲ್ಲಿ ಸ್ಪ್ರಿಂಗ್ ಪಟ್ಟಿಯೇ ಸರಿ. ಬ್ರೇಕು, ಸ್ಟೀರಿಂಗ್, ಎತ್ತುವ ಕೊಕ್ಕೆ, ಹೀಗೆ ಮುರಿದರೆ ಜೀವಕ್ಕೆ ಅಪಾಯವಿರುವ ಯಾವುದಕ್ಕೂ ಬೇಡ. ಅಲ್ಲಿ ಕಂಪನಿಯ ಭಾಗವನ್ನೇ ಕೊಳ್ಳಿ. ಪಿನ್ನು, ಬುಷ್ಷು, ರೋಲರಿನ ತುದಿ, ಡ್ರಿಲ್ಲಿಂಗ್ ಜಿಗ್ಗಿನ ಬುಷ್ಷು, ಉಜ್ಜಿ ಸವೆಯುವ ಬಿಲ್ಲೆ: ಇವು ಇದರ ಜಾಗ. ದೊಡ್ಡ ಕಾರ್ಖಾನೆಗಳು ಅನಿಲದ ಫರ್ನೇಸಿಗೆ ಹೋಗಿ ಬಹಳ ಕಾಲವಾಯಿತು, ಏಕೆಂದರೆ ಇದ್ದಿಲಿನ ಪೆಟ್ಟಿಗೆ ನಿಧಾನ, ಮಸಿಯ ಕೆಲಸ, ಸಾವಿರ ಬಿಡಿಭಾಗ ಒಂದೇ ಸಮ ಬರುವುದಿಲ್ಲ. ನಾಲ್ಕೋ ಹತ್ತೋ ಪಿನ್ನು ಬೇಕಾದ ಊರಿನ ವರ್ಕ್‌ಶಾಪಿಗೆ ಮಾತ್ರ ಇದಕ್ಕಿಂತ ಕಡಿಮೆ ಬಂಡವಾಳದ ದಾರಿಯಿಲ್ಲ.

ಇದನ್ನು ಪ್ರಾಜೆಕ್ಟಾಗಿ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಒಂದೇ ರಾಡಿನಿಂದ ಮೂರು ತುಂಡು ಕತ್ತರಿಸಿ. ಒಂದನ್ನು ಹಾಗೆಯೇ ಬಿಡಿ, ಒಂದನ್ನು ಬರೀ ಇದ್ದಿಲಿನಲ್ಲಿ, ಇನ್ನೊಂದನ್ನು ಇದ್ದಿಲಿಗೆ ಮೊಟ್ಟೆ ಸಿಪ್ಪೆ ಬೆರೆಸಿ, ಅದೇ ಶಾಖಕ್ಕೆ ಅಷ್ಟೇ ಹೊತ್ತು ಇಡಿ. ಸಿಪ್ಪೆಯಿಂದ ಎಷ್ಟು ಲಾಭವಾಯಿತು ಎಂಬುದು ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದಾಗ ಮಾತ್ರ ಗೊತ್ತಾಗುತ್ತದೆ. ಬಂದ ಅಂಕಿಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ನಿಮ್ಮ ಊರಿನ ಲೇತ್ ಅಂಗಡಿಯ ಗೋಡೆಗೆ ಅಂಟಿಸಿ ಬನ್ನಿ.